ವೀರಬಸಮ್ಮನ ಹೊಲ, ವ್ಯಾನ್ ಡೋರನ್ನರ ಹಕ್ಕಿ

ಮಾರಿಸ್‌ಟೌನಿನ ಅಂಥ ಆಫೀಸು ಬಿಟ್ಟು ಸೀಕಾಕಸ್‌ನ ಗೋದಾಮಿಗೆ ಯಾಕೆ ಸೇರಿದಿರಿ ಎಂದು ನನ್ನನ್ನು ಕೇಳುವವರು ಇವತ್ತಿಗೂ ಇದ್ದಾರೆ. ಕೇಳುವಾಗ ತಲೆ ಸ್ವಲ್ಪ ಓರೆ ಮಾಡುತ್ತಾರೆ, ದನಿ ತಗ್ಗಿಸುತ್ತಾರೆ, ಸಾವಿನ ಮನೆಗೆ ಬಂದವರ ಹಾಗೆ. ಅಂಥವರಿಗೆ ನಾನು ಹೇಳುವುದಿಷ್ಟೇ. ಸ್ವಾಮಿ, ನಾನು ಒಂದು ಜೋಳದ ಹೊಲದಲ್ಲಿ ನಿಂತೆ. ನಿಂತಿದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಬೇಜಾರೇನಾದರೂ ಇದ್ದರೆ ಅದು ಪಂಚಾಕ್ಷರಿಯ ಬಾಯಿಯ ಬಗ್ಗೆ.

ಪಂಚಾಕ್ಷರಿ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯವನು. ನಾನು ಮೈಸೂರಿನ ಸೂರ್ಯನಾರಾಯಣ. ೧೯೭೨ರಲ್ಲಿ ನಾವಿಬ್ಬರೂ ಅಮೆರಿಕದ ನ್ಯೂಜೆರ್ಸಿಯ ಒಂದೇ ಕಂಪನಿಯಲ್ಲಿ ನೀರಿನ ಪೈಪುಗಳ ನಕ್ಷೆ ಬರೆಯುತ್ತಿದ್ದೆವು, ಒಂದೇ ಹಳೇ ಕಾರಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆವು. ಮನುಷ್ಯ ಬಂಗಾರದಂಥವನು. ಆದರೆ 'ನನಗೆ ಗೊತ್ತಿಲ್ಲ' ಎಂಬ ಮಾತು ಮಾತ್ರ ಅವನ ಬಾಯಿಂದ ಬರುತ್ತಿರಲಿಲ್ಲ. ದಾರಿ ಕೇಳಿದವರಿಗೆ ತಾನು ಕಾಣದ ಊರಿಗೂ ದಾರಿ ಹೇಳುತ್ತಿದ್ದ. ಅವನು ಹೇಳಿದ ದಾರಿ ಹಿಡಿದು ಫಿಲಡೆಲ್ಫಿಯಾ ಮುಟ್ಟಿದವರು ನಮ್ಮ ಬಳಗದಲ್ಲೇ ಇಬ್ಬರಿದ್ದಾರೆ. ಅವರು ಹೊರಟಿದ್ದು ನ್ಯೂಯಾರ್ಕಿಗೆ.

ನಮ್ಮ ಬಾಸ್ ವ್ಯಾನ್ ಡೋರನ್ ಸಾಹೇಬರು. ವೆಸ್ಟ್ ವಿಂಡ್ಸರಿನ ಹೊರಗೆ, ಆಲೂಗಡ್ಡೆ ಹೊಲಗಳ ನಡುವೆ, ಅವರಿಗೆ ತಾತನ ಕಾಲದ ನಲವತ್ತು ಎಕರೆ ಜಮೀನಿತ್ತು. ಅಲ್ಲಿ ಅವರೂ ಅವರ ಏಳು ಮಂದಿ ಗೆಳೆಯರೂ ಸೇರಿ ಫೆಸೆಂಟ್ ಬೇಟೆಯ ಪುಟ್ಟ ಕ್ಲಬ್ಬು ನಡೆಸುತ್ತಿದ್ದರು. ಫೆಸೆಂಟ್ ಎಂದರೆ ಉದ್ದ ಬಾಲದ ಬಣ್ಣದ ಹಕ್ಕಿ, ನವಿಲಿನ ಬಡ ನೆಂಟ. ಈ ಹಕ್ಕಿ ಬೇರೆಯವರ ಜಮೀನಿಗೆ ಹೋಗದೆ ತಮ್ಮಲ್ಲೇ ಉಳಿಯಬೇಕಾದರೆ ಅಡಗಿ ಕೂರಲು ಮರೆ ಬೇಕು, ತಿನ್ನಲು ಕಾಳು ಬೇಕು. ಅದಕ್ಕಾಗಿ ಕಾಡಿನ ಅಂಚಿನಲ್ಲಿ ಪಟ್ಟಿಪಟ್ಟಿಯಾಗಿ ಬೆಳೆ ಹಾಕುತ್ತಾರೆ. ಆ ಬೆಳೆಯನ್ನು ಕೊಯ್ಯುವುದಿಲ್ಲ. ನವೆಂಬರಿನಲ್ಲಿ ಸೀಸನ್ ಶುರುವಾದ ದಿನ ಪಟ್ಟಿಗಳ ನಡುವಿನ ಓಣಿಯಲ್ಲಿ ಬಂದೂಕು ಹಿಡಿದು ನಿಂತು, ನಾಯಿ ಬಿಟ್ಟು, ಎದ್ದ ಹಕ್ಕಿಗೆ ಗುಂಡು ಹೊಡೆಯುತ್ತಾರೆ.

"ಈ ವರ್ಷ ಮುಸುಕಿನ ಜೋಳ ಬೇಡ, ಸೋರ್ಗಂ ಹಾಕಿಸೋಣ ಅಂತಿದ್ದೇನೆ," ಎಂದು ಸಾಹೇಬರು ಒಂದು ದಿನ ಕ್ಯಾಂಟೀನಿನಲ್ಲಿ ಯಾರಿಗೋ ಹೇಳುತ್ತ ಸೋರ್ಗಮ್ಮಿನ ಚಿತ್ರ ತೋರಿಸಿದರು. ಪಂಚಾಕ್ಷರಿ ಕತ್ತು ಚಾಚಿ ನೋಡಿದ. ಜೋಳ! ನಮ್ಮ ಜೋಳ! ಅವನ ಹುಬ್ಬು ಮೇಲೇರಿತು. ಅವನ ಹುಬ್ಬು ಮೇಲೇರಿದರೆ ಹಿಂದೆಯೇ ಒಂದು ಸುಳ್ಳು ಬರುತ್ತದೆಂದು ನನಗೆ ನಾಲ್ಕು ವರ್ಷದ ಅನುಭವ.

"ಸರ್, ನಮ್ಮದು ಜೋಳದ ವಂಶ," ಎಂದ. "ನನ್ನ ಕೈಗೆ ಕೊಡಿ, ನೋಡಿ ಆಮೇಲೆ."

ವಂಶ ಜೋಳದ್ದೇ, ಅದು ಸುಳ್ಳಲ್ಲ. ಆದರೆ ಈ ಮಹಾನುಭಾವ ಹುಬ್ಬಳ್ಳಿಯಲ್ಲಿ ಓದಿದವನು, ಹೊಲಕ್ಕೆ ಕಾಲಿಟ್ಟಿದ್ದು ಹಬ್ಬದ ರಜೆಯಲ್ಲಿ ಸುಟ್ಟ ಎಳೇ ತೆನೆಯ ಸೀತನಿ ತಿನ್ನುವುದಕ್ಕೆ ಮಾತ್ರ. ಸಾಹೇಬರಿಗೆ ಅದೆಲ್ಲ ಏನು ಗೊತ್ತು? ಹೊಲದ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಮನೆಯನ್ನೇ ಅವನಿಗೆ ಕೊಟ್ಟುಬಿಟ್ಟರು. ಕ್ಲಬ್ಬಿನ ಟ್ರ್ಯಾಕ್ಟರು ಉತ್ತು ಬಿತ್ತುತ್ತದೆ, ಇವನು ಕಾಯಬೇಕು, ಅಷ್ಟೇ. ಇನ್ನೊಂದು ಮಾತನ್ನೂ ಹೇಳಿದರು. ನಮ್ಮಿಬ್ಬರ ಗ್ರೀನ್ ಕಾರ್ಡಿಗೆ ಕಂಪನಿ ಕೊಡಬೇಕಾದ ಕಾಗದ ಅವರ ಡ್ರಾಯರಿನಲ್ಲಿ ಜನವರಿಯಿಂದ ಮಲಗಿತ್ತು. "ಸೀಸನ್ ಒಂದು ಚೆನ್ನಾಗಿ ಶುರುವಾಗಲಿ, ಇಬ್ಬರದೂ ಸಹಿ ಮಾಡಿಬಿಡೋಣ," ಎಂದರು.

ನನ್ನ ಭವಿಷ್ಯಕ್ಕೂ ಹಕ್ಕಿಗೂ ಹೀಗೆ ಗಂಟು ಬಿತ್ತು. ನಾನು ಕೋಳಿಯನ್ನೂ ಹತ್ತಿರದಿಂದ ನೋಡಿದವನಲ್ಲ.

ಮೇ ತಿಂಗಳಲ್ಲಿ ಪಂಚಾಕ್ಷರಿಯ ತಾಯಿ ವೀರಬಸಮ್ಮನವರು ಆರು ತಿಂಗಳಿಗೆಂದು ಊರಿನಿಂದ ಬಂದರು. ಮೂವತ್ತು ದಾಟಿದರೂ ಮದುವೆ ಬೇಡವೆನ್ನುವ ಮಗನಿಗೆ ಏನಾಗಿದೆ ಎಂದು ನೋಡಿ ಹೋಗುವುದು ಅವರ ಉದ್ದೇಶ. ಅರವತ್ತೈದು ವರ್ಷ, ಇಳಕಲ್ ಸೀರೆ, ಕೊರಳಲ್ಲಿ ಲಿಂಗ, ಇಡೀ ಊರಿಗೆ ಕೇಳಿಸುವ ದನಿ. ಮೊಟ್ಟೆ ಮುಟ್ಟಿದ ಕೈಯಿಂದ ನೀರೂ ಕುಡಿಯುವವರಲ್ಲ. ಮೂರು ದಿನ ಬ್ರೆಡ್ಡು ತಿಂದರು, ನಾಲ್ಕನೆಯ ದಿನ ತಟ್ಟೆ ದೂಡಿದರು.

"ಇದೇನಪ್ಪಾ, ತಿಂದದ್ದು ಹಲ್ಲಿಗೇ ತಿಳಿಯಂಗಿಲ್ಲ. ನನಗ ರೊಟ್ಟಿ ಬೇಕು," ಎಂದವರು ಕಿಟಕಿಯಿಂದ ಹೊರಗೆ ನೋಡಿದರು. ಕಪ್ಪಗೆ ಉತ್ತ ನೆಲ, ನೇರ ಸಾಲು. "ಆ ಹೊಲ ಯಾರ್ದು?"

ಇಲ್ಲಿ ನಿಜ ಹೇಳಬಹುದಿತ್ತು. ಆದರೆ ಲಿಂಗ ಕಟ್ಟಿದ ತಾಯಿಗೆ, ಅವ್ವಾ, ಅದು ಹಕ್ಕಿ ಕರೆಸಿ ಕೊಲ್ಲುವ ಹೊಲ, ನಿನ್ನ ಮಗ ಅದರ ಕಾವಲುಗಾರ ಎಂದು ಹೇಳುವ ಧೈರ್ಯ ಎಷ್ಟು ಮಂದಿಗಿದೆ? ಪಂಚಾಕ್ಷರಿಯ ಹುಬ್ಬು ಮೇಲೇರಿತು.

"ನಮ್ದ, ಅವ್ವಾ."

"ಏನು ಬಿತ್ತೀರಿ?"

"ಜ್ವಾಳ."

ವೀರಬಸಮ್ಮನವರು ಕಣ್ಣೊರೆಸಿಕೊಂಡರು. ಮಗ ದಾರಿ ತಪ್ಪಿಲ್ಲ ಎಂದುಕೊಂಡರು. ಮಾರನೆಯ ದಿನದಿಂದ ಅವರು ಅಡುಗೆಮನೆಯಲ್ಲಿ ಸಿಗುವುದು ನಿಂತುಹೋಯಿತು.

ಜೋಳ ಮೊಳೆಯಿತು. ಮೊಳಕೆ ಕಂಡದ್ದೇ ಫೆಸೆಂಟುಗಳು ಕಾಡಿನಿಂದ ಇಳಿದು ಒಂದೊಂದೇ ಕಿತ್ತು ತಿನ್ನಲಾರಂಭಿಸಿದವು. ಹೊಲ ಇದ್ದವರಿಗೆ ಆಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವೀರಬಸಮ್ಮನವರು ಗರಾಜಿನಲ್ಲಿದ್ದ ಪಿಕ್‌ನಿಕ್ ಟೇಬಲ್ ಎಳೆಸಿ ಹೊಲದ ನಡುವೆ ಅಟ್ಟಣಿಗೆ ಹಾಕಿಸಿದರು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಕವಣೆ ಹೆಣೆದರು. ಬೆಳಿಗ್ಗೆ ಆರಕ್ಕೆ ಟೇಬಲ್ ಹತ್ತಿ, ಸೆರಗು ಸೊಂಟಕ್ಕೆ ಬಿಗಿದು, "ಹೋ... ಹುಶ್ಶೋ!" ಎಂದು ಕೂಗುತ್ತ ಕಲ್ಲು ಬೀಸಿದರೆ ನೂರು ಗಜದಾಚೆಯ ಹಕ್ಕಿ ಎದ್ದು ಹಾರುತ್ತಿತ್ತು. ಒಂದಕ್ಕೂ ಪೆಟ್ಟಾಗುತ್ತಿರಲಿಲ್ಲ. ಹಕ್ಕಿಯ ಪಕ್ಕಕ್ಕೆ ಒಂದು ಗೇಣಿನಲ್ಲಿ ಕಲ್ಲು ಬೀಳಿಸುವುದು ಅವರ ವಿದ್ಯೆ.

ಜೂನ್ ತಿಂಗಳ ಒಂದು ಶನಿವಾರ ಸಾಹೇಬರು ಬೆಳೆ ನೋಡಲು ಬಂದರು. ನಾನೂ ಅಲ್ಲಿದ್ದೆ, ನನ್ನ ದುರದೃಷ್ಟ. ಸಾಹೇಬರು ಕಾರಿನಿಂದ ಇಳಿದು ಬಾಗಿಲು ಹಾಕುವುದನ್ನೂ ಮರೆತು ನಿಂತರು. ಅವರು ವರ್ಷವಿಡೀ ಲಾಲಿಸಿ ಸಾಕಿದ ಹಕ್ಕಿಗಳನ್ನು ಟೇಬಲ್ ಮೇಲೆ ನಿಂತ ಒಬ್ಬ ಮುದುಕಿ ದಿಕ್ಕುದಿಕ್ಕಿಗೆ ಓಡಿಸುತ್ತಿದ್ದಳು.

"ಏನು ಮಾಡುತ್ತಿದ್ದಾರೆ ಇವರು?" ಎಂದರು ಸಾಹೇಬರು. ಮುಖ ಕೆಂಪಗಾಗಿತ್ತು.

ಪಂಚಾಕ್ಷರಿಯ ಹುಬ್ಬು ಟೋಪಿಯೊಳಗೆ ಹೋಯಿತು. "ವ್ಯಾಯಾಮ, ಸರ್. ತಿಂದು ಕೂತ ಹಕ್ಕಿ ನವೆಂಬರಿನಲ್ಲಿ ಮೇಲಕ್ಕೇಳುವುದಿಲ್ಲ. ದಿನಾ ಹಾರಿಸಿದರೆ ರೆಕ್ಕೆ ಗಟ್ಟಿಯಾಗುತ್ತದೆ, ಎತ್ತರಕ್ಕೆ ಹಾರುತ್ತದೆ. ನಿಮಗೆ ಒಳ್ಳೇ ಗುರಿ ಸಿಗುತ್ತದೆ. ನಮ್ಮ ರಾಜಮಹಾರಾಜರ ಕಾಲದ ಪದ್ಧತಿ."

ಸಾಹೇಬರು ನನ್ನ ಕಡೆ ತಿರುಗಿದರು. "ಹೌದೇನು?"

ನಾನು ಶೂಗಳನ್ನು ನೋಡಿಕೊಂಡೆ. ಡ್ರಾಯರಿನಲ್ಲಿದ್ದ ಕಾಗದವನ್ನು ನೆನೆದೆ. "ಮೈಸೂರಿನ ಕಡೆ ಸ್ವಲ್ಪ ಬೇರೆ ಥರ, ಸರ್," ಎಂದೆ.

ಆ ಒಂದು ಮಾತಿನಿಂದ ನಾನೂ ಪಾಲುದಾರನಾದೆ. ಅದಕ್ಕೆ ಇವತ್ತೂ ನಾಚಿಕೆಯಿದೆ.

"ಯಾರೋ ಇಂವ? ಏನಂತಾನ?" ಎಂದು ಟೇಬಲ್ ಮೇಲಿಂದ ವೀರಬಸಮ್ಮನವರು ಕೂಗಿದರು.

"ನೀ ಭಾಳ ಚಲೋ ಕಾಯ್ತಿ ಅಂತಾರ, ಅವ್ವಾ!"

ಅಮೆರಿಕನ್ನರ ಒಂದು ಗುಣ ಹೇಳಬೇಕು. ಹೊಸ ಪದ್ಧತಿ ಎಂದರೆ ಸಾಕು, ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಮುಂದಿನ ಶನಿವಾರ ಕ್ಲಬ್ಬಿನ ಎಂಟೂ ಜನ ಮಡಚುವ ಕುರ್ಚಿ, ದುರ್ಬೀನು, ಬಿಯರಿನ ಪೆಟ್ಟಿಗೆಯ ಸಮೇತ ಬಂದು ಹೊಲದ ಬದಿಯಲ್ಲಿ ಸಾಲಾಗಿ ಕೂತರು. ಒಂದೊಂದು ಹಕ್ಕಿ ಎದ್ದಾಗಲೂ ಚಪ್ಪಾಳೆ ತಟ್ಟಿದರು. ಪ್ರಿನ್ಸ್‌ಟನ್ನಿನ ಒಬ್ಬ ಹಲ್ಲಿನ ಡಾಕ್ಟರು ಹಾರಿದ ಎತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡ.

"ಇವರೆಲ್ಲಾ ಯಾರೋ?" ಎಂದರು ವೀರಬಸಮ್ಮನವರು.

"ಹೊಲ ಕಾಯೂದು ಕಲಿಯಾಕ ಬಂದಾರ."

"ಎಂಟು ಮಂದಿ ಗಂಡಸರು, ಒಬ್ಬರಿಗೂ ಬಾಯಿಲ್ಲಲ್ಲೋ! ಎದ್ದು ಕೂಗಾಕ ಹೇಳು."

ಪಂಚಾಕ್ಷರಿ ಅನುವಾದಿಸಿದ, ತನ್ನದೇ ಧಾಟಿಯಲ್ಲಿ. ಎಂಟೂ ಜನ ಬಿಯರ್ ಕೆಳಗಿಟ್ಟು ಎದ್ದು ನಿಂತು ಬಾಯಿಗೆ ಕೈ ಅಡ್ಡ ಹಿಡಿದು "ಹೋ... ಹುಶ್ಶೋ!" ಎಂದು ಕೂಗಿದರು. ವೆಸ್ಟ್ ವಿಂಡ್ಸರಿನ ಚರಿತ್ರೆಯಲ್ಲಿ ಅಂಥ ಕೂಗು ಅದೇ ಮೊದಲಿರಬೇಕು. ವ್ಯಾನ್ ಡೋರನ್ ಸಾಹೇಬರು ಕವಣೆಯನ್ನೂ ಪ್ರಯತ್ನಿಸಿ ತಮ್ಮ ಕಿವಿಗೇ ಹೊಡೆದುಕೊಂಡರು. ವೀರಬಸಮ್ಮನವರು ಒಳಗಿಂದ ಅರಿಶಿನ ತಂದು ಹಚ್ಚಿದರು. ಸೋಮವಾರ ಬಾಸು ಹಳದಿ ಕಿವಿಯಲ್ಲಿ ಆಫೀಸಿಗೆ ಬಂದದ್ದನ್ನು ನಾವು ಯಾರೂ ನೋಡಲಿಲ್ಲವೆಂಬಂತೆ ಇದ್ದೆವು.

ಪಟ್ಟಿಗಳ ನಡುವೆ ಬಂದೂಕಿನವರಿಗೆಂದು ಬಿಟ್ಟ ಓಣಿಗಳಿದ್ದವಲ್ಲ, ಅವುಗಳನ್ನು ನೋಡಿ ವೀರಬಸಮ್ಮನವರಿಗೆ ಹೊಟ್ಟೆ ಉರಿಯಿತು. ಇಷ್ಟು ನೆಲ ಹಾಳು ಬಿಡುವುದೆಂದರೇನು? ಓಣಿ ತುಂಬ ಮೆಂತ್ಯ, ಕೊತ್ತಂಬರಿ ಚೆಲ್ಲಿದರು. ಪಂಚಾಕ್ಷರಿ ಅದಕ್ಕೂ ಒಂದು ಕಾರಣ ಹುಡುಕಿದ. ನಡೆದಾಡುವಾಗ ಸದ್ದಾಗದಿರಲೆಂದು ಹಸಿರು ಹಾಸಿದ್ದಂತೆ.

ಆಗಸ್ಟಿನಲ್ಲಿ ಪಕ್ಕದ ಆಲೂಗಡ್ಡೆ ಹೊಲದವನು ಫೋನ್ ಮಾಡಿದ್ದರಿಂದ ಬೇಟೆಯ ಕಾನೂನು ಕಾಯುವ ಸರ್ಕಾರಿ ಗೇಮ್ ವಾರ್ಡನ್ ಬಂದ. ಸೀಸನ್ ಇಲ್ಲದಾಗ ಯಾರೋ ಹೆಂಗಸು ಹಕ್ಕಿಗೆ ಹೊಡೆಯುತ್ತಿದ್ದಾಳೆಂದು ದೂರು. ಹಸಿರು ಯೂನಿಫಾರಂ, ಸೊಂಟಕ್ಕೆ ಪಿಸ್ತೂಲು, ಕೈಯಲ್ಲಿ ದಪ್ಪ ಪುಸ್ತಕ. ಪುಸ್ತಕ ಕಂಡದ್ದೇ ವೀರಬಸಮ್ಮನವರು ಟೇಬಲ್ಲಿಂದ ಇಳಿದರು.

"ಗಿರದಾವರ ಬಂದಾನ, ಬೆಳಿ ಬರ್ಕೊಳ್ಳಾಕ," ಎಂದರು ಮಗನಿಗೆ, ದನಿ ತಗ್ಗಿಸಿದ್ದೇನೆಂದುಕೊಂಡು. "ಆರಾಣೆ ಬೆಳಿ ಅಂತ ಬರಸು. ಜಾಸ್ತಿ ಬರಸಿದ್ರ ಕಂದಾಯ ಬೀಳ್ತದ."

ಅವರ ಕಡೆ ಬೆಳೆ ಎಷ್ಟು ಬಂದಿದೆ ಎಂದು ಆಣೆ ಲೆಕ್ಕದಲ್ಲಿ ಬರೆದುಕೊಳ್ಳಲು ಗಿರದಾವರ ಬರುತ್ತಾನೆ. ತುಂಬು ಬೆಳೆಗೆ ಹದಿನಾರಾಣೆ. ಯಾವ ರೈತನೂ ಆರಾಣೆಯ ಮೇಲೆ ಒಪ್ಪಿದ ಚರಿತ್ರೆಯಿಲ್ಲ.

ವಾರ್ಡನ್ ಕವಣೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಈ ಆಯುಧಕ್ಕೆ ಲೈಸೆನ್ಸ್ ಇದೆಯೇ?"

"ಏನಂತಾನ?"

"ಹೊಲ ಯಾರ ಹೆಸರಲ್ಲಿ ಐತಿ ಅಂತಾನ, ಅವ್ವಾ."

"ನಿನ್ನ ಹೆಸರಲ್ಲೇ ಬರಸು! ಬರೆಯೋತನಕ ಬಿಡಬ್ಯಾಡ," ಎಂದು ವೀರಬಸಮ್ಮನವರು ವಾರ್ಡನ್ನಿನ ಪುಸ್ತಕದ ಮೇಲೆ ಬೆರಳಿಟ್ಟು ಕುಟ್ಟಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಏನು ಹೇಳುತ್ತಿದ್ದಾರೆ?"

"ನಿಮ್ಮ ಪುಸ್ತಕದಲ್ಲಿ ಕವಣೆ ಎಲ್ಲಿದೆ ತೋರಿಸಿ ಎನ್ನುತ್ತಿದ್ದಾರೆ, ಆಫೀಸರ್," ಎಂದ ಪಂಚಾಕ್ಷರಿ.

ವಾರ್ಡನ್ ಹಾಳೆ ತಿರುವಿದ. ಬಂದೂಕಿತ್ತು, ಬಿಲ್ಲಿತ್ತು, ಬಲೆಯಿತ್ತು, ಕವಣೆ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಗೆ ತಡೆಯಬೇಕೆಂದು ಸರ್ಕಾರ ಅವನಿಗೆ ಹೇಳಿಕೊಟ್ಟಿರಲಿಲ್ಲ. ಸತ್ತ ಹಕ್ಕಿ ಎಲ್ಲಿ ಎಂದು ಹುಡುಕಿದ, ಒಂದೂ ಸಿಗಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ 'ತೃಪ್ತಿಕರ' ಎಂದು ಬರೆದು ಹರಿದುಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋದ. ಆ ಚೀಟಿಯನ್ನು ವೀರಬಸಮ್ಮನವರು ಪಹಣಿ ಎಂದೇ ತಿಳಿದು ಟ್ರಂಕಿನಲ್ಲಿಟ್ಟರು. ಈಗ ಹೊಲ ಕಾಗದದಲ್ಲೂ ಅವರದಾಯಿತು.

ಸೆಪ್ಟೆಂಬರ್ ಬಂತು. ತೆನೆ ಹಾಲು ತುಂಬಿತು. ಬೆಳೆದದ್ದು ಸೊಂಟದೆತ್ತರದ ಅಮೆರಿಕದ ಕೆಂಪು ಜೋಳ, ವೀರಬಸಮ್ಮನವರು ತೆನೆ ಬಿಟ್ಟ ದಿನವೇ "ಹೈಬ್ರೀಡಾ?" ಎಂದು ಮೂಗು ಮುರಿದಿದ್ದರು. ಆದರೆ ಸೀತನಿ ಸೀತನಿಯೇ. ಎಳೇ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಉದುರಿದ ಹಸಿರು ಕಾಳನ್ನು ಶೇಂಗಾ ಚಟ್ನಿಪುಡಿಯ ಜೊತೆ ತಿನ್ನುವುದಕ್ಕೆ ನ್ಯೂಜೆರ್ಸಿಯ ಊರೂರಿನಿಂದ ನಮ್ಮ ಕನ್ನಡದವರು ಬಂದರು. ಧಾರವಾಡದ ಡಾಕ್ಟರುಗಳು, ಬಾಗಲಕೋಟೆಯ ಪ್ರೊಫೆಸರುಗಳು ಎಲ್ಲ ಬಾರ್ಬೆಕ್ಯೂ ಒಲೆಯ ಸುತ್ತ ಕುಕ್ಕರಗಾಲಲ್ಲಿ ಕೂತು, ಮುಖಕ್ಕೆಲ್ಲ ಮಸಿ ಬಳಿದುಕೊಂಡು ತಿಂದರು. ಒಬ್ಬ ಹೃದ್ರೋಗ ತಜ್ಞರು ಅತ್ತರು. ನನ್ನ ಹೆಂಡತಿ ಭಾನುಮತಿ ಅಪ್ಪಟ ಬೆಂಗಳೂರಿನವಳು, ಅವಳೂ ಎರಡು ಬೊಗಸೆ ತಿಂದಳು. ಸಂಜೆಯಾಗುವಾಗ ಮೊದಲನೇ ಪಟ್ಟಿಯ ಮುಕ್ಕಾಲು ಭಾಗದ ತಲೆಯೇ ಇರಲಿಲ್ಲ.

ಸೋಮವಾರ ಸಾಹೇಬರು ಕರೆಸಿದರು. "ತೆನೆಗಳೆಲ್ಲ ಎಲ್ಲಿ?"

"ಜಿಂಕೆ, ಸರ್," ಎಂದ ಪಂಚಾಕ್ಷರಿ.

"ಜಿಂಕೆ ಚಾಕುವಿನಲ್ಲಿ ಕತ್ತರಿಸಿಕೊಂಡು ತಿನ್ನುತ್ತದೆಯೇ?"

ಪಂಚಾಕ್ಷರಿ ಗಂಭೀರವಾಗಿ ಯೋಚಿಸಿದ. "ನ್ಯೂಜೆರ್ಸಿಯ ಜಿಂಕೆಯ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ, ಸರ್." ಅವನು 'ಗೊತ್ತಿಲ್ಲ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾಹೇಬರ ನಂಬಿಕೆಗೆ ಬಿರುಕು ಬಿದ್ದದ್ದು ಅವತ್ತೇ.

ಅಕ್ಟೋಬರಿನಲ್ಲಿ ಕಾಳು ಬಲಿತು ಕೆಂಪಗೆ ನಿಂತಿತು. ವೀರಬಸಮ್ಮನವರು ಕುಡುಗೋಲು ಕೇಳಿದರು. ಇವತ್ತಲ್ಲ ಅವ್ವಾ, ನಾಳೆ ಅವ್ವಾ ಎಂದು ತಳ್ಳಿ ತಳ್ಳಿ ಸಾಕಾಗಿ ಪಂಚಾಕ್ಷರಿ ತನ್ನ ಬಾಳಿನ ಅತಿ ಮೂರ್ಖ ಸುಳ್ಳನ್ನು ಹೇಳಿದ. ಈ ದೇಶದಲ್ಲಿ ಸುಗ್ಗಿಯ ದಿನವನ್ನು ಸರ್ಕಾರವೇ ಗೊತ್ತು ಮಾಡುತ್ತದೆ, ನವೆಂಬರಿನ ಎರಡನೇ ಶನಿವಾರಕ್ಕೆ ಮೊದಲು ಯಾರೂ ಕೊಯ್ಯುವ ಹಾಗಿಲ್ಲ ಎಂದುಬಿಟ್ಟ. ಬೇಟೆಯ ಸೀಸನ್ ಶುರುವಾಗುವುದೂ ಅದೇ ಶನಿವಾರ.

"ನಿನಗೇನು ತಲೆ ಕೆಟ್ಟಿದೆಯೇನೋ?" ಎಂದೆ ನಾನು ಕಾರಿನಲ್ಲಿ.

"ಏ ಸೂರಿ, ಸುಮ್ನಿರು. ಮುಂಜಾನೆ ಭಾನುಮತಿ ಅಕ್ಕಾರು ಅವ್ವನ್ನ ಪ್ರಿನ್ಸ್‌ಟನ್ನಿಗೆ ಅಂಗಡಿ ತೋರ್ಸಾಕ ಕರ್ಕೊಂಡು ಹೋಗ್ಲಿ. ಒಂಬತ್ತಕ್ಕ ಇವರ ಢಂ ಢಂ ಮುಗೀತದ. ಸಹಿ ಆಗ್ತದ. ಹತ್ತಕ್ಕ ಅವ್ವ ಬಂದು ಕೊಯ್ತಾಳ. ಇಬ್ಬರದೂ ಆತು."

ಕಾಗದದ ಮೇಲೆ ನೋಡಿದರೆ ತಪ್ಪೇ ಇರದ ನಕ್ಷೆ. ನಾವು ಎಂಜಿನಿಯರುಗಳಲ್ಲವೇ. ಶುಕ್ರವಾರ ಸಾಹೇಬರು ಡ್ರಾಯರಿನಿಂದ ಎರಡು ಕಾಗದ ತೆಗೆದು ಕೋಟಿನ ಒಳಜೇಬಿಗೆ ಇಟ್ಟುಕೊಂಡದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದೆವು. "ನಾಳೆ ಹಕ್ಕಿ ನೀವು ಹೇಳಿದಷ್ಟು ಎತ್ತರಕ್ಕೆ ಎದ್ದರೆ ಕಾರಿನ ಬಾನೆಟ್ ಮೇಲೇ ಸಹಿ ಹಾಕುತ್ತೇನೆ," ಎಂದರು.

ಶನಿವಾರ ಬೆಳಗ್ಗೆ ಏಳಕ್ಕೆ ನಾನೂ ಭಾನುಮತಿಯೂ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಸುಗ್ಗಿಯ ದಿನ ಯಾವ ಒಕ್ಕಲಗಿತ್ತಿ ಮನೆಯಲ್ಲಿರುತ್ತಾಳೆ? ವೀರಬಸಮ್ಮನವರು ಐದಕ್ಕೇ ಎದ್ದು, ಮಿಂದು, ಹೊಲದ ಮೂಲೆಯಲ್ಲಿ ಕಲ್ಲಿಟ್ಟು ಪೂಜೆ ಮಾಡಿ, ಬುತ್ತಿ ಕಟ್ಟಿಕೊಂಡು, ಅಡುಗೆಮನೆಯ ದೊಡ್ಡ ಚಾಕು ಹಿಡಿದು ಮೊದಲನೇ ಸಾಲಿನಲ್ಲಿ ನಿಂತಿದ್ದರು. ಆಚೆ ಬದಿಯಲ್ಲಿ ಎಂಟು ಬಂದೂಕು, ಐದು ನಾಯಿ. ನಡುವೆ ಪಂಚಾಕ್ಷರಿ, ಮಂಜಿನಲ್ಲೂ ಬೆವರುತ್ತ.

"ಇಷ್ಟು ದಿನಕ್ಕ ಕೆಲಸಕ್ಕ ಬಂದ್ರು ನೋಡು," ಎಂದು, ಮಂಜಿನಲ್ಲಿ ಬಂದೂಕು ಕಾಣದ ವೀರಬಸಮ್ಮನವರು ನಮಗೆ ಖುಷಿಯಿಂದ ಹೇಳಿದರು. "ಎಂಟಾಳು ಅದಾರ. ಸಂಜಿ ಒಳಗ ಕೊಯ್ದು ಮುಗಿಸೂನು."

ಆ ಹೊತ್ತಿಗೆ ಸಾಹೇಬರು ಸೀಟಿ ಊದಿದರು. ನಾಯಿಗಳು ಜೋಳದೊಳಗೆ ನುಗ್ಗಿದವು. ಹಕ್ಕಿ ಎದ್ದಿತು. ದೇವರಾಣೆ ಹೇಳುತ್ತೇನೆ, ಐದು ತಿಂಗಳು ಕವಣೆಯ ಕಲ್ಲಿಗೆ ಹಾರಿ ಹಾರಿ ಪಳಗಿದ ಹಕ್ಕಿ ಅದು, ಗೋಪುರದೆತ್ತರಕ್ಕೆ ಎದ್ದಿತು. ಪಂಚಾಕ್ಷರಿಯ ಸುಳ್ಳು ನಿಜವಾಗಿಬಿಟ್ಟಿತ್ತು. ಹಲ್ಲಿನ ಡಾಕ್ಟರು "ಆಹಾ!" ಎಂದ. ಏಳು ಗುಂಡು ಹುಸಿಯಾದವು. ಎಂಟನೆಯದು, ಸಾಹೇಬರದು, ತಗುಲಿತು.

ಹಕ್ಕಿ ಬಂದು ಮೆಂತ್ಯದ ಸಾಲಿನಲ್ಲಿ, ವೀರಬಸಮ್ಮನವರ ಕಾಲಿಗೆ ಎರಡು ಮಾರು ದೂರದಲ್ಲಿ ಬಿತ್ತು. ಬಿದ್ದ ಮೇಲೂ ಒಂದೆರಡು ಸಲ ರೆಕ್ಕೆ ಬಡಿಯಿತು.

ಅವರು ಹಕ್ಕಿಯನ್ನು ನೋಡಿದರು, ಬಂದೂಕುಗಳನ್ನು ನೋಡಿದರು, ಆಮೇಲೆ ಮಗನನ್ನು. ಆ ಮುಖದಲ್ಲಿ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಅದನ್ನು ನೋಡಿ ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

"ಏನೋ ಇದು?"

ಪಂಚಾಕ್ಷರಿ ಹೇಳಿದ, ಒಂದೇ ಉಸಿರಿನಲ್ಲಿ, ಮೇ ತಿಂಗಳಿಂದ ಅವತ್ತಿನ ತನಕ. ಹೊಲ ಯಾರದು, ಜೋಳ ಯಾರಿಗೆ, ಬಂದವರು ಯಾರು, ಜೇಬಿನಲ್ಲಿರುವ ಕಾಗದ ಏನು, ಒಂದನ್ನೂ ಬಿಡಲಿಲ್ಲ.

ವೀರಬಸಮ್ಮನವರು ಚಾಕುವನ್ನು ಬುತ್ತಿಯ ಪಕ್ಕದಲ್ಲಿಟ್ಟರು. ನಡೆದು ಹೋಗಿ ಓಣಿಯ ಬಾಯಿಗೆ, ಬಂದೂಕುಗಳಿಗೂ ಜೋಳಕ್ಕೂ ನಡುವೆ, ಸೊಂಟದ ಮೇಲೆ ಕೈಯಿಟ್ಟು ನಿಂತರು.

ಸಾಹೇಬರು ಕೈಯೆತ್ತಿ ಎಲ್ಲರ ಬಂದೂಕು ಇಳಿಸಿದರು. "ಇದೇನು? ಏನು ಹೇಳುತ್ತಾರೆ ನಿಮ್ಮ ತಾಯಿ?"

ವೀರಬಸಮ್ಮನವರು ನೇರ ಅವರಿಗೇ ಹೇಳಿದರು. "ನೋಡು ಸಾಹೇಬಾ, ಹಕ್ಕಿ ನನ್ನ ಕಾಳು ತಿಂದ್ರ ನಾ ಬೈತೀನಿ. ಕಲ್ಲು ಒಗೀತೀನಿ. ಅದು ನನಗೂ ಅದಕ್ಕೂ ಇರೋ ಜಗಳ. ಐದು ತಿಂಗಳಿಂದ ಜಗಳಾಡೀವಿ, ಇನ್ನೂ ಜಗಳಾಡ್ತೀವಿ. ನಡುವ ನೀ ಯಾವನೋ?"

ಪಂಚಾಕ್ಷರಿಯ ಹುಬ್ಬು ಮೇಲೇರಿತು. ಈಗೊಂದು ಒಳ್ಳೇ ಸುಳ್ಳು ಬಿದ್ದರೆ ಇನ್ನೂ ಉಳಿಯಬಹುದಿತ್ತು. ಅಮ್ಮನಿಗೆ ಬಿಸಿಲು ತಾಗಿದೆ ಎನ್ನಬಹುದಿತ್ತು, ನವೆಂಬರ್ ಆದರೇನಂತೆ. ಆದರೆ ಹುಬ್ಬು ಹಾಗೇ ಕೆಳಗಿಳಿಯಿತು. ತಾಯಿ ಹೇಳಿದ್ದನ್ನು ಅವನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದ. 'ಯಾವನೋ' ಎಂಬುದಕ್ಕೆ ಕೂಡ ಸರಿಯಾದ ಮಾತು ಹುಡುಕಿ ಹಾಕಿದ.

ಸಾಹೇಬರಿಗೆ ಅವನ ಮೇಲೆ ನಂಬಿಕೆ ಎಲ್ಲಿ ಉಳಿದಿತ್ತು? ನನ್ನ ಕಡೆ ತಿರುಗಿದರು. "ನಿಮಗೂ ಭಾಷೆ ಬರುತ್ತದಲ್ಲ. ಅವರು ನಿಜವಾಗಿ ಹೇಳಿದ್ದು ಇದೇನಾ?"

"ಇದೇ, ಸರ್," ಎಂದೆ. "ಮೈಸೂರಿನ ಕಡೆಯೂ ಹೀಗೇ ಅನ್ನುತ್ತಾರೆ."

ವ್ಯಾನ್ ಡೋರನ್ ಸಾಹೇಬರು ಕೆಟ್ಟವರ ಹಾಗೆ ಕೂಗಾಡಲಿಲ್ಲ. ವ್ಯವಹಾರಸ್ಥರು. ಕೋಟಿನಿಂದ ಎರಡು ಕಾಗದ ತೆಗೆದು ಬಾನೆಟ್ಟಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿದರು. "ಒಂದು ಗಂಟೆ ಅವರನ್ನು ಮನೆಯೊಳಗೆ ಕರೆದುಕೊಂಡು ಹೋಗಿ. ಇಬ್ಬರದೂ ಈಗಲೇ ಸಹಿ ಮಾಡುತ್ತೇನೆ. ಇಲ್ಲದಿದ್ದರೆ ಸೋಮವಾರದಿಂದ ಇಬ್ಬರೂ ಬರುವುದು ಬೇಡ."

ಪಂಚಾಕ್ಷರಿ ಅದನ್ನೂ ತಾಯಿಗೆ ಹೇಳಿದ.

"ಅಂವ ಸಹಿ ಹಾಕಿದ್ರ ಏನಾಗ್ತದ?" ಎಂದರು ವೀರಬಸಮ್ಮನವರು.

"ಈ ದೇಶದಾಗ ಕಾಯಂ ಇರಬೌದು, ಅವ್ವಾ."

"ಇಲ್ಲಿ ಕಾಯಂ ಇರಾಕ ಹಕ್ಕಿ ಕೊಡಬೇಕಂತೇನು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ಇರೂದಾದ್ರ ಇರು, ತಮ್ಮಾ. ನಾ ಬ್ಯಾಡ ಅನ್ನಂಗಿಲ್ಲ. ನಾ ಮಾತ್ರ ಇಲ್ಲಿಂದ ಕದಲಂಗಿಲ್ಲ."

ಪಂಚಾಕ್ಷರಿ ಬಾನೆಟ್ಟಿನ ಕಡೆ ಒಮ್ಮೆ ನೋಡಿದ. ನಾಲ್ಕು ವರ್ಷ ಕಾದಿದ್ದ ಕಾಗದ ಅದು, ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಟೋಪಿ ಸರಿಮಾಡಿಕೊಂಡು ಹೋಗಿ ತಾಯಿಯ ಎಡಗಡೆ ನಿಂತ.

ಭಾನುಮತಿ ಕೆಂಪು ಕೋಟಿನ ಗುಂಡಿ ಹಾಕಿಕೊಂಡಳು. "ನೀವು ಬರ್ತೀರೋ, ಇಲ್ಲ ಅಲ್ಲೇ ಸಹಿ ಮಾಡಿಸ್ಕೊಂಡು ಬರ್ತೀರೋ?" ಎಂದವಳು ಉತ್ತರಕ್ಕೂ ಕಾಯದೆ ಸೀರೆ ಎತ್ತಿ ಹಿಡಿದು ಮೆಂತ್ಯದ ಸಾಲು ದಾಟಿ ಅವರ ಬಲಗಡೆ ನಿಂತಳು.

ನಾನು ಮೈಸೂರಿನವನು. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರೂ ಮೇಲಧಿಕಾರಿಗೆ ಎದುರು ಮಾತಾಡಿಲ್ಲ. ಬಾನೆಟ್ಟಿನ ಮೇಲೆ ನನ್ನ ಹೆಸರು ಕಾಣುತ್ತಿತ್ತು, ಸ್ಪೆಲ್ಲಿಂಗ್ ಕೂಡ ಸರಿಯಾಗಿತ್ತು. ಅದನ್ನು ನೋಡುತ್ತಲೇ ನಡೆದೆ. ಹೋಗಿ ಭಾನುಮತಿಯ ಪಕ್ಕ ನಿಂತಾಗ ಜೋಳದ ಒಣಗರಿ ನನ್ನ ಮುಂಗೈ ಗೀರಿತು. ಉರಿಯಿತು. ಆದರೆ ಬೆನ್ನು ಎಷ್ಟೋ ವರ್ಷದ ಮೇಲೆ ನೆಟ್ಟಗಾಗಿತ್ತು.

ಎಂಟು ಜನ ಗಂಡಸರು ನಮ್ಮ ನಾಲ್ವರನ್ನು ನೋಡುತ್ತ ನಿಂತರು. ನಾಯಿಗಳು ಬೇಸತ್ತು ಮೆಂತ್ಯದಲ್ಲಿ ಮಲಗಿದವು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಗಡಿಯಾರ ನೋಡಿಕೊಂಡು ನನ್ನನ್ನೇ ಕೇಳಿದರು, "ಎಷ್ಟು ಹೊತ್ತು ಹೀಗೆ ನಿಲ್ಲಬೇಕೆಂದಿದ್ದೀರಿ?"

ನಾನು ವೀರಬಸಮ್ಮನವರನ್ನು ಕೇಳಿದೆ. ಅವರು ಹೇಳಿದ್ದನ್ನು ಸಾಹೇಬರಿಗೆ, ಗಟ್ಟಿಯಾಗಿ, ಇದ್ದ ಹಾಗೇ ಹೇಳಿದೆ.

"ಹೊಟ್ಟೆ ಹಸಿಯುವ ತನಕ ನಿಲ್ಲುತ್ತೇವೆ. ಹಸಿದರೆ ಬುತ್ತಿ ಇದೆ. ಉಂಡು ಮತ್ತೆ ನಿಲ್ಲುತ್ತೇವೆ."